ಎಲ್ಲ ಮಸ್ತೂರಾ

ಉಮ್ ಹಷಾಬ್ ಶಿಬಿರ, ದಾರ್‌ಫುರ್
ಜೂನ್ ಒಂಬತ್ತು, ಬುಧವಾರ

ರಿಹಾಬಳ ಅಪ್ಪನಿಗೆ ಕಲ್ತೂಮಾಳ ಸಲಾಮುಗಳು.

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಮರುಭೂಮಿಯಾಚೆ ನೀವು ದುಡಿಯುವ ಕುಫ್ರಾದ ಬಿಸಿಲು ನಮ್ಮ ಬಿಸಿಲಿಗೆ ಅಪ್ಪ ಎಂದು ಲಾರಿಯ ಹಸಬೂ ಹೇಳುತ್ತಾನೆ, ತಲೆಗೆ ಬಟ್ಟೆ ಸುತ್ತಿಕೊಳ್ಳದೆ ತೋಟಕ್ಕೆ ಇಳಿಯಬೇಡಿ. ಹೊಗೆಸೊಪ್ಪು ಬಿಟ್ಟಿರಾ ಎಂದು ಕೇಳುವುದಿಲ್ಲ, ಬಿಟ್ಟಿರುವುದಿಲ್ಲ ಎಂದು ಗೊತ್ತು. ಊಟಕ್ಕೆ ಏನು ಮಾಡುತ್ತೀರಿ? ಗಂಡಸರೇ ಸೇರಿ ತಿರುವಿದ ಅಸೀದಾ ಹೇಗಿರುತ್ತದೆ ಎಂದು ನೆನೆಸಿಕೊಂಡರೆ ನಗು ಬರುತ್ತದೆ, ಹಿಟ್ಟೆಲ್ಲ ಗಂಟುಗಂಟಾಗಿ ನೀವು ಮುಖ ಸಿಂಡರಿಸಿಕೊಂಡು ನುಂಗುವುದು ಕಣ್ಣಿಗೆ ಕಟ್ಟುತ್ತದೆ. ರಿಹಾಬಳ ಮುಂದಿನ ಹಲ್ಲು ಬಿದ್ದಿವೆ. ಅಪ್ಪ ಬರುವ ಹೊತ್ತಿಗೆ ಹೊಸ ಹಲ್ಲು ಬಂದುಬಿಟ್ಟರೆ ಅಪ್ಪನಿಗೆ ಈ ಕಿಂಡಿ ಕಾಣುವುದೇ ಇಲ್ಲವಲ್ಲ ಎಂದು ಅವಳಿಗೆ ದೊಡ್ಡ ಚಿಂತೆ. ಅತ್ತೆ ಪಕ್ಕದಲ್ಲೇ ಮಲಗಿದ್ದಾರೆ, ಬಿಸಿಲಿಗೆ ಒಂದಿಷ್ಟು ಸುಸ್ತು, ಅಷ್ಟೆ. ಇಲ್ಲಿ ನಾವೆಲ್ಲರೂ ಎಂದು ಬರೆಯಲು ಹೋದೆ, ಕೈ ನಿಂತುಬಿಟ್ಟಿತು. ಅದರ ಮುಂದೆ ಬರಬೇಕಾದ ಮಾತು ನಿಮಗೂ ಗೊತ್ತು. ಅದನ್ನು ಬರೆಯಲೋ ಬೇಡವೋ ಎಂದು ಸುದ್ದಿ ಹೇಳಿದ ಮೇಲೆ ನೋಡೋಣ.

ಈ ಕಾಗದ ಹಸಬೂನ ಲಾರಿಯಲ್ಲಿ ಬರುತ್ತದೆ. ಫೋನಿನ ಗೋಪುರ ಸುಟ್ಟ ಮೇಲೆ ಈ ಶಿಬಿರಕ್ಕೆಲ್ಲ ಬಾಯಿ ಅಂದರೆ ಅವನೇ. ಇಳಿಹೊತ್ತಿನ ಅಸರ್ ನಮಾಜು ಮುಗಿದದ್ದೇ ಹೊರಡುತ್ತೇನೆ, ಇದೇ ಕೊನೆಯ ಸುತ್ತು ಎನ್ನುತ್ತಿದ್ದಾನೆ. ಕುಫ್ರಾಕ್ಕೆ ಹೋಗಿ, ಸಾಮಾನು ಇಳಿಸಿ, ತಕ್ಷಣ ತಿರುಗಿಕೊಂಡು ಬಂದರೆ ಹಳ್ಳ ತುಂಬುವ ಮುಂಚೆ ದಾಟಬಹುದಂತೆ. ಒಮ್ಮೆ ಹಳ್ಳ ತುಂಬಿತೋ, ಸಜ್ಜೆ ಕೊಯ್ಲಿನ ತನಕ ಈ ಕಡೆಗೆ ಗಾಲಿ ಉರುಳುವುದಿಲ್ಲ. ಹೋದ ಸಲ ಬಂದಾಗ ಅವನು ನಿಮ್ಮ ಮಾತು ತಂದಿದ್ದ. ಯಾವಾಗ ಊರಿಗೆ ಎಂದು ಕೇಳಿದ್ದಕ್ಕೆ ನೀವು ಅಂದಿರಂತೆ: "ಅಲ್ಲೆಲ್ಲ ಮಸ್ತೂರಾ ಅಂತ ಹೇಳಿ ಕಳಿಸ್ತಾರಲ್ಲ, ನಂಗೇನು ಅವಸರ? ಮಳೆಗಾಲ ಕಳೀಲಿ, ಕೈತುಂಬ ತಗೊಂಡು ಹೋಗ್ತೀನಿ. ಬರಿಗೈಲಿ ಹೋಗಿ ಅವ್ವನ ಮುಂದೆ ಹ್ಯಾಗೆ ನಿಂತ್ಕೊಳ್ಳಲಿ?" ಇದನ್ನು ಕೇಳಿ ನನಗೆ ಸಿಟ್ಟು ಬಂತು. ನಿಮ್ಮ ಮೇಲಲ್ಲ, ನನ್ನ ನಾಲಿಗೆಯ ಮೇಲೆ. ಪ್ರತಿ ಸಲ ಹೊರಡುವಾಗ ಹಸಬೂ "ಏನಕ್ಕ, ಅಣ್ಣನಿಗೆ ಏನಂತ ಹೇಳ್ಲಿ?" ಎನ್ನುತ್ತಾನೆ. "ಎಲ್ಲ ಮಸ್ತೂರಾ ಅಂತ ಹೇಳಪ್ಪ" ಎಂದು ನಾನೇ ತಾನೇ ಹೇಳಿ ಕಳಿಸಿದವಳು? ಬೇರೆ ಮಾತು ಬಾಯಿಗೆ ಬಂದರೆ ತಾನೇ! ಹಣೆ ಒಡೆದು ರಕ್ತ ಸುರಿಯುತ್ತಿದ್ದರೂ ಹೇಗಿದ್ದೀಯಾ ಎಂದರೆ ಮಸ್ತೂರಾ ಎನ್ನುವ ಜನ ನಾವು. ಅಂದರೆ ಮುಚ್ಚಿದೆ, ಮಾನ ಬೀದಿಗೆ ಬಿದ್ದಿಲ್ಲ, ದೇವರು ದೊಡ್ಡವನು. ಆ ಒಂದು ಮಾತಿನಿಂದ ಈ ಶಿಬಿರಕ್ಕೆ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

ನಾವು ಊರು ಬಿಟ್ಟು ಓಡಿದ ಬೆಳಗ್ಗೆ ನನ್ನ ತೋಬು ಹಗ್ಗದ ಮೇಲೆ ಒಣಗುತ್ತಿತ್ತು ಎಂದು ನಿಮಗೆ ಹೇಳಿರಲಿಲ್ಲ. ಹಗ್ಗದ ಮೇಲಿದ್ದದ್ದು ಹಗ್ಗದ ಜೊತೆಗೇ ಸುಟ್ಟಿತು. ತಲೆಯಿಂದ ಹಿಮ್ಮಡಿಯವರೆಗೆ ಸುತ್ತುವ ಬಟ್ಟೆ ಎಂದು ಮನೆಯಲ್ಲಿ ಉಳಿದದ್ದು ಅತ್ತೆಯ ಮೈಮೇಲಿದ್ದ ನೀಲಿ ತೋಬು ಒಂದೇ. ನಮ್ಮ ಮದುವೆಯ ವರ್ಷ ನೀವೇ ಪೇಟೆಯಿಂದ ಅವರಿಗೆ ತಂದಿರಲ್ಲ, ಅದೇ. ಅಂದಿನಿಂದ ಇಬ್ಬರಿಗೂ ಅದೊಂದೇ. ನಾನು ನೀರಿಗೆ ಹೋದರೆ ಅವರು ಒಳಗೆ. ಅವರು ಸೌದೆಗೆ ಹೋದರೆ ನಾನು ಒಳಗೆ, ಮಗುವಿಗೆ ಜ್ವರ ಬಂದರೂ ಹೊರಗೆ ಕಾಲಿಡುವ ಹಾಗಿಲ್ಲ. ಯಾರು ಹೋಗಬೇಕು ಎಂದು ದಿನಾ ಬೆಳಗ್ಗೆ ಜಗಳ. "ಹೋಗೇ, ನಿನ್ನ ಸರದಿ ನಿನ್ನೆ ಮುಗೀತು, ನಂಗೂ ಕಾಲಿದೆ, ನಂಗೂ ಊರು ನೋಡಬೇಕು" ಎಂದು ಅವರು ಸೆರಗು ಜಗ್ಗುತ್ತಾರೆ, "ನಿಮ್ಮ ಕಾಲಿಗೆ ಒಂದು ಕೊಡ ನೀರು ಹೊರೋ ಶಕ್ತಿ ಇದ್ದಿದ್ರೆ ಕೊಡ್ತಿದ್ದೆ" ಎಂದು ನಾನು. ನೀವು ಇದ್ದಿದ್ದರೆ ಇಬ್ಬರನ್ನೂ ಬೈದು ನೀವೇ ಕೊಡ ಹೊತ್ತುಕೊಂಡು ಹೋಗುತ್ತಿದ್ದಿರಿ, ಗಂಡಸು ನೀರು ಹೊರುತ್ತಾನೆ ಎಂದು ಜನ ನಗುತ್ತಿದ್ದರು. ನಮ್ಮ ಮನೆಯ ಕಥೆಯೇ ಎಲ್ಲರ ಮನೆಯ ಕಥೆ. ಜೋಳದ ದಂಟಿಗೆ ಗೋಣಿಚೀಲ ಹೊದಿಸಿದ ಒಂದೊಂದು ಗುಡಿಸಲಿನಲ್ಲೂ ಇಬ್ಬರು ಮೂವರು ಹೆಂಗಸರು, ಬಟ್ಟೆ ಮಾತ್ರ ಒಂದು. ಬಯಲಿಗೆ ಹೋಗಬೇಕೆಂದರೂ ಒಳಗಿನವಳು ಹೊರಗಿನವಳ ದಾರಿ ಕಾಯಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಂಡಿರಲಿಲ್ಲ.

ರಂಜಾನ್ ಕಳೆದ ಮೇಲೆ ಒಂದು ದಿನ ಪರಿಹಾರದವರು ಬರುತ್ತಾರೆ ಎಂದು ಸುದ್ದಿ ಬಂತು. ದೇಶ ಬಿಟ್ಟು ಬಂದ ಒಬ್ಬ ಬಿಳಿ ಹೆಂಗಸು, ಅವಳ ಮಾತನ್ನು ನಮಗೂ ನಮ್ಮ ಮಾತನ್ನು ಅವಳಿಗೂ ದಾಟಿಸಲು ಖಾರ್ತೂಮಿನ ಒಬ್ಬ ಹುಡುಗ. ಅವರು ನೋಡಿ ಏನೇನು ಬೇಕು ಎಂದು ಕೇಳಿಕೊಂಡು ಹೋದರೆ ಹಿಂದೆಯೇ ಲಾರಿಗಳು ಬರುತ್ತವೆ, ಧಾನ್ಯ, ನೀರಿನ ಟ್ಯಾಂಕು, ಮಾಡಿಗೆ ಹೊದಿಸುವ ತಾಡಪಾಲು. ಅಷ್ಟು ಕೇಳಿದ್ದೇ ತಡ, ನಮ್ಮ ಶೇಖ್ ಜಿದ್ದೋ ಎದ್ದು ನಿಂತ. ಊರು ಹೋದರೂ ಊರಿನ ಯಜಮಾನಿಕೆ ಹೋಗುತ್ತದೆಯೇ? "ಮನೆಗೆ ಅತಿಥಿ ಬರ್ತಿದಾರೆ, ನಮ್ಮೂರಿನ ಹೆಸರು ಕೆಡಬಾರದು" ಎಂದು ಗುಡಿಸಲು ಗುಡಿಸಲಿಗೂ ಹೇಳಿ ಕಳಿಸಿ ಒಂದೊಂದು ಹಿಡಿ ಸಕ್ಕರೆ ಕೂಡಿಸಿದ. ನಾನು ರಿಹಾಬಳಿಗೆ ಜ್ವರ ಬಂದರೆ ಇರಲಿ ಎಂದು ಗಂಟು ಕಟ್ಟಿಟ್ಟಿದ್ದನ್ನು ಬಿಚ್ಚಿ ಕೊಟ್ಟೆ. ಇದ್ದ ತೋಬುಗಳನ್ನೆಲ್ಲ ಒಗೆದು, ಒಣಗಿಸಿ, ಒಳ್ಳೆಯ ಬಣ್ಣದವನ್ನು ಉಟ್ಟವರನ್ನೇ ಮುಂದೆ ಕೂರಿಸಿದರು. ಉಳಿದವರು ಒಳಗೇ ಉಳಿದರು, ಇನ್ನೆಲ್ಲಿ ಹೋಗುತ್ತಾರೆ? ಹೀಗೆ ಹಳದಿ, ಕೆಂಪು, ಹಸಿರು, ನೀಲಿ ಎಂದು ನಾವು ಮದುವೆಮನೆಗೆ ಬಂದವರ ಹಾಗೆ ಹೊಳೆಯುತ್ತಾ ಕೂತೆವು. ಲವಂಗ ಹಾಕಿದ ಚಹಾ ಬಂತು, ಚಮಚ ನೆಟ್ಟಗೆ ನಿಲ್ಲುವಷ್ಟು ಸಕ್ಕರೆ. ಆಕೆ ಕುಡಿದು ನಕ್ಕಳು, ಪಾಪ, ಒಳ್ಳೆಯ ಮುಖ. ನಿಮಗೆ ಏನು ಕೊರತೆ ಎಂದು ಹುಡುಗನ ಬಾಯಲ್ಲಿ ಕೇಳಿಸಿದಳು. ಜಿದ್ದೋ ಎದೆಯ ಮೇಲೆ ಕೈಯಿಟ್ಟು, "ಮಸ್ತೂರಾ, ಅಲ್‌ಹಮ್ದುಲಿಲ್ಲಾಹ್. ನೀವು ಇಷ್ಟು ದೂರ ಬಂದಿರಲ್ಲ, ಅದೇ ಸಾಕು" ಎಂದ. ಹುಡುಗ ಇನ್ನೊಮ್ಮೆ ಕೇಳಿದ. ಹೆಂಗಸರ ಕಡೆಗೂ ತಿರುಗಿ ಕೇಳಿದ. ನಾವೆಲ್ಲ ಒಂದೇ ಬಾಯಲ್ಲಿ ಮಸ್ತೂರಾ, ಮಸ್ತೂರಾ. ಆ ಮಾತಿನ ಅರ್ಥ ಏನೆಂದು ಆಕೆ ಕೇಳಿದಳು ಅಂತ ಕಾಣುತ್ತದೆ, ಅವನು ಏನೋ ಹೇಳಿದ, ಆಕೆ ತಲೆಯಾಡಿಸಿದಳು. ಚೆನ್ನಾಗಿದ್ದಾರಂತೆ ಎಂದು ಹೇಳಿರಬೇಕು. ಇನ್ನೇನು ಹೇಳುತ್ತಾನೆ? ಹಾಗೆ ಹೇಳಿ ಎಂದು ಅವನ ಬಾಯಿಗೆ ತುರುಕಿದವರು ನಾವೇ.

ಲಾರಿಗಳೇನೋ ಬಂದವು. ದೂಳು ಎದ್ದದ್ದನ್ನು ನೋಡಿ ಮಕ್ಕಳೆಲ್ಲ ಕೇಕೆ ಹಾಕಿಕೊಂಡು ಓಡಿದರು. ನಮ್ಮ ಮುಂದೆಯೇ ಹಾದು ಹಳ್ಳ ದಾಟಿ ಆಚೆಯ ಶಿಬಿರಕ್ಕೆ ಹೋದವು. ಸುದ್ದಿ ತಂದವನು ಹಸಬೂ: "ಉಮ್ ಹಷಾಬಿನವರು ಒಂಚೂರು ಅನುಕೂಲಸ್ಥರಂತೆ ಅಕ್ಕ, ಹೆಂಗಸರಿಗೆಲ್ಲ ಒಳ್ಳೊಳ್ಳೆ ಬಟ್ಟೆ ಇದೆಯಂತೆ, ಚಹಾಕ್ಕೆ ಸಕ್ಕರೆ ಸುರೀತಾರಂತೆ. ಮೊದಲು ಇಲ್ಲದೋರಿಗೆ ಅಂದ್ರು." ಜಿದ್ದೋ ಕೋಲು ಕುಟ್ಟಿದ. ಅವರಿಗೇನು ಕಣ್ಣಿಲ್ಲವೇ, ಬಾಯಿಬಿಟ್ಟು ಬೇಡಿದರೆ ಮಾತ್ರ ಕೊಡುವುದೇ, ಅತಿಥಿ ಬಾಗಿಲಲ್ಲಿ ನಿಂತು ಹಸಿವಾಗಿದೆ ಎಂದು ಹೇಳಿದ ಮೇಲೆ ನಾವು ಯಾವತ್ತಾದರೂ ಊಟ ಹಾಕಿದ್ದೇವೆಯೇ, ಮುಖ ನೋಡಿಯೇ ಹಾಕಲಿಲ್ಲವೇ ಎಂದು ಕೂಗಾಡಿದ. ಒಳಗಿದ್ದ ಅತ್ತೆ ನನಗೆ ಮಾತ್ರ ಕೇಳುವ ಹಾಗೆ ಅಂದರು, "ಮುಖಕ್ಕೆ ನಾವೇ ಬಣ್ಣದ ಬಟ್ಟೆ ಸುತ್ತಿ ಕೂರಿಸಿದ್ವಲ್ಲೇ. ಕಣ್ಣಿದ್ದು ಏನು ಮಾಡ್ತಾಳೆ ಪಾಪ." ಆ ವಾರ ಸಜ್ಜೆ ಹಿಟ್ಟು ಮುಗಿದು, ಹಳ್ಳದ ದಂಡೆಯ ಕಾಡು ಸೊಪ್ಪನ್ನು ಉಪ್ಪಿಲ್ಲದೆ ಬೇಯಿಸಿ ತಿಂದೆವು. ರಿಹಾಬ್ ಒಂದು ದಿನವೂ ಹಟ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಹಟ ಮಾಡದ ಮಗುವನ್ನು ನೋಡುವುದು ಬಹಳ ಕಷ್ಟ.

ಅಂಥ ಸಂಜೆಗಳಲ್ಲಿ ನೀವು ನೆನಪಾಗುತ್ತೀರಿ. ಅಂಥ ಸಂಜೆಗಳಲ್ಲಿ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಮನೆಯ ಬೇಲಿಯ ಹೊರಗೆ ನಿಂತು ಚಪ್ಪಾಳೆ ತಟ್ಟಿ, "ಮನೇಲಿ ಯಾರಿದೀರಿ?" ಎಂದು ಅಪರಿಚಿತನ ಹಾಗೆ ಕೂಗುತ್ತಿದ್ದಿರಿ. ನಿಮ್ಮದೇ ಮನೆಗೆ ನಿಮಗೇ ಅಪ್ಪಣೆ ಬೇಕೇ ಎಂದು ನಾನು ರೇಗುತ್ತಿದ್ದೆ, ಒಳಗೊಳಗೆ ಖುಷಿ. ಇಲ್ಲಿ ಬೇಲಿಯಿಲ್ಲ. ಯಾರಾದರೂ ಮಗುವನ್ನು ಆಡಿಸಲು ಚಪ್ಪಾಳೆ ತಟ್ಟಿದರೂ ನನ್ನ ಕೈಯಲ್ಲಿರುವ ಕೆಲಸ ನಿಲ್ಲುತ್ತದೆ. ಕೊಯ್ಲಾದ ಮೇಲೆ ನಮ್ಮ ಹೊಲಕ್ಕೆ ಇಳಿಯುತ್ತಿದ್ದ ಒಂಟೆಯವರೂ ನೆನಪಾಗುತ್ತಾರೆ, ಹೇಳಲು ನಾಚಿಕೆಯೇನು? ದಂಟು ತಿನ್ನಿಸಿಕೊಂಡು ಹೋಗುವಾಗ ಅವರ ಹೆಂಗಸು, ಆ ಅಷ್ಟಾ ಎಂಬವಳು, ನಮಗೆ ಸೋರೆಬುರುಡೆ ತುಂಬ ತುಪ್ಪ ಕೊಡುತ್ತಿದ್ದಳು. ಬಾವಿಯ ಹತ್ತಿರ ಒಂದು ಒಂಟೆ, ಒಂದು ಕೋಲು, ಎರಡು ಬೈಗುಳ, ಅಲ್ಲಿಗೆ ನಮ್ಮ ಅಜ್ಜಂದಿರು ಕಟ್ಟಿದ ನೆಂಟಸ್ತಿಕೆಯೂ ನಮ್ಮ ಊರೂ ಸುಟ್ಟು ಬೂದಿಯಾದವು. ಅವರ ಡೇರೆಗಳನ್ನೂ ನಮ್ಮ ಹುಡುಗರು ಸುಟ್ಟರಂತೆ, ಅವರೂ ಎಲ್ಲೋ ಬಯಲಲ್ಲಿ ಬಿದ್ದಿದ್ದಾರಂತೆ. ಅದನ್ನು ಕೇಳಿ ಕೆಲವರು ಆಗಲಿ ಬಿಡು ಎಂದರು. ಅತ್ತೆ ಮಾತ್ರ, "ಅಷ್ಟಾ ಈಗ ಯಾರ ಮುಂದೆ ಕೂತು ಮಸ್ತೂರಾ ಅಂತಿದಾಳೋ" ಎಂದರು.

ಪೂರ್ವಕ್ಕೆ ಮೋಡ ಕಾಣಿಸಿಕೊಂಡಾಗ ಆ ಬಿಳಿ ಹೆಂಗಸು ಇನ್ನೊಮ್ಮೆ ಬಂದಳು. ಮಳೆಗೆ ಮುಂಚೆ ಕೊನೆಯ ಭೇಟಿ, ಇದಾದ ಮೇಲೆ ರಸ್ತೆ ಮುಚ್ಚುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಈ ಸಲವಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ಹೆಂಗಸರು ಸೌದೆ ಆರಿಸುವಾಗ ಮಾತಾಡಿಕೊಂಡಿದ್ದೆವು. ಅತ್ತೆ ತೋಬು ಬಿಚ್ಚಿ ನನ್ನ ಕೈಗೆ ಕೊಟ್ಟು, "ನೀನು ಹೋಗು, ನಾಕಕ್ಷರ ಕಲಿತವಳು, ನಿಂಗೆ ಮಾತು ಬರತ್ತೆ" ಎಂದರು. ಜೀವಮಾನದಲ್ಲಿ ಮೊದಲ ಸಲ ಜಗಳವಿಲ್ಲದೆ ಕೊಟ್ಟರು. ನಾನು ಹೋದೆ. ನೋಡಿದರೆ ಮತ್ತೆ ಅದೇ ಬಣ್ಣದ ತೋಬುಗಳು, ಅದೇ ಚಹಾ, ಎಲ್ಲಿಂದಲೋ ಅದೇ ಸಕ್ಕರೆ. ಹುಡುಗ ಕೇಳಿದ. ಜಿದ್ದೋ ಗಂಟಲು ಸರಿ ಮಾಡಿಕೊಂಡ, ನನ್ನ ಕಡೆ ನೋಡಿದ, ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನನ್ನ ಕೈಲಾಗಲಿಲ್ಲ, ಕಣ್ರೀ. ಅತಿಥಿ ಕೈಯಲ್ಲಿ ಚಹಾ ಹಿಡಿದು ನಗುತ್ತಾ ಕೂತಿರುವಾಗ ನಮ್ಮ ಮನೆಯಲ್ಲಿ ಹಿಟ್ಟಿಲ್ಲ, ಬಟ್ಟೆಯಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ತಲೆ ತಗ್ಗಿಸಿದೆ. ಜಿದ್ದೋ ಎದೆಯ ಮೇಲೆ ಕೈಯಿಟ್ಟ. "ಮಸ್ತೂರಾ," ಎಂದ, "ಅಲ್‌ಹಮ್ದು..."

ಆಗ ಗುಡಿಸಲೊಳಗಿಂದ ನಿಮ್ಮ ಅಮ್ಮನ ದನಿ ಬಂತು. ಹೊಲದ ಈ ತುದಿಯಿಂದ ಆ ತುದಿಗೆ ಹಕ್ಕಿ ಓಡಿಸುವಾಗ ಕೂಗುತ್ತಿದ್ದರಲ್ಲ, ಆ ದನಿ. "ಜಿದ್ದೋ! ಏನಯ್ಯಾ ಮಸ್ತೂರಾ? ಯಾವುದು ಮುಚ್ಚಿದೆ, ತೋರಿಸು ನೋಡೋಣ! ನಾನು ಮರ್ಯೂಮಾ, ಅರ್ಬಾಬನ ತಾಯಿ, ಈ ಗೋಣಿಚೀಲದ ಹಿಂದೆ ಕೂತಿದೀನಿ. ಹೊರಗೆ ಬರೋಕಾಗಲ್ಲ. ನನ್ನ ತೋಬು ಅಲ್ಲಿ ನಿಂತಿದೆ, ನನ್ನ ಸೊಸೆ ಮೈಮೇಲೆ. ಆ ಮಹಾತಾಯಿಗೆ ಹೇಳು, ಅವಳು ಹೋದ ಸಲ ನೋಡಿಕೊಂಡು ಹೋಗಿದ್ದು ತೋಬುಗಳನ್ನ, ಹೆಂಗಸರನ್ನಲ್ಲ!" ನಾನು ಭೂಮಿ ಬಾಯಿಬಿಡಬಾರದೇ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಗುಡಿಸಲಿನಿಂದ ಇನ್ನೊಂದು ದನಿ, "ನಾನೂ ಇದೀನಿ!" ಅದರಾಚೆಯಿಂದ, "ಇಲ್ಲಿ ಇಬ್ಬರಿದೀವಿ, ಒಬ್ಬಳು ಬಾಣಂತಿ, ಹೊದೆಯೋಕೆ ಚೂರು ಬಟ್ಟೆ ಇಲ್ಲ!" "ನಿನ್ನೆಯಿಂದ ನೀರಿಲ್ಲ!" "ಆ ಚಹಾದಲ್ಲಿರೋ ಸಕ್ಕರೆ ನನ್ನ ಕೂಸಿಂದು!" ಎದ್ದವು ನೋಡಿ ದನಿಗಳು, ಸಾಲು ಗುಡಿಸಲುಗಳಿಂದ, ಒಂದರ ಮೇಲೊಂದು. ಒಬ್ಬಳ ಮುಖವೂ ಕಾಣುವುದಿಲ್ಲ, ದನಿ ಮಾತ್ರ. ಇಷ್ಟು ಜನ ಒಳಗಿದ್ದಾರೆ ಎಂದು ನಮಗೇ ಗೊತ್ತಿರಲಿಲ್ಲ. ಆ ಹೆಂಗಸು ಲೋಟವನ್ನು ನೆಲದ ಮೇಲಿಟ್ಟಳು. ಹುಡುಗನ ಮುಖ ನೋಡಿದಳು, ಅವನು ಯಾವ ದನಿಯನ್ನು ಮೊದಲು ದಾಟಿಸಲಿ ಎಂದು ಗುಡಿಸಲಿನಿಂದ ಗುಡಿಸಲಿಗೆ ತಿರುಗುತ್ತಿದ್ದ. ಜಿದ್ದೋ ಎದೆಯ ಮೇಲಿದ್ದ ಕೈ ಇಳಿಸಿದ. ಕೊನೆಗೆ, "ಬರ್ಕೊಳಪ್ಪ," ಎಂದ, "ಏನೂ ಮುಚ್ಚಿಲ್ಲ." ಮುದುಕ ಅತ್ತದ್ದನ್ನು ನಾನು ಅವತ್ತೇ ನೋಡಿದ್ದು, ಊರು ಸುಟ್ಟಾಗಲೂ ಅತ್ತಿರಲಿಲ್ಲ.

ಆಕೆ ಗುಡಿಸಲು ಗುಡಿಸಲಿಗೂ ತಾನೇ ಬಗ್ಗಿ ಒಳಗೆ ಹೋದಳು. ಹುಡುಗ ಹೊರಗೆ ಬೆನ್ನು ತಿರುಗಿಸಿ ನಿಂತು, ಒಳಗಿನವರ ಮಾತನ್ನು ಗಾಳಿಗೆ ಹೇಳುವವನ ಹಾಗೆ ಹೇಳುತ್ತಿದ್ದ. ನಮ್ಮಲ್ಲಿ ಅತ್ತೆ ಮಗುವಿನ ಹೊದಿಕೆಯನ್ನು ಹೆಗಲಿಗೆ ಎಳೆದುಕೊಂಡು ಕೂತಿದ್ದರು. ಕೂಗಿದ್ದೆಲ್ಲ ಮರೆತುಹೋಗಿ ಮತ್ತೆ ಮನೆಯೊಡತಿ: "ಬಾಮ್ಮ, ಕೂತ್ಕೊ, ಚಹಾ ಕುಡಿದೆಯಾ?" ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಅದಾದ ಮೇಲೆ ಸಜ್ಜೆ ಬಂತು, ಬೇಳೆ ಬಂತು, ತಾಡಪಾಲು ಬಂತು, ನೀರಿನ ಟ್ಯಾಂಕು ಕೂತಿತು. ತೋಬು ಮಾತ್ರ ಬರಲಿಲ್ಲ. ಹೆಂಗಸರ ಬಟ್ಟೆ ಎಂಬುದು ಅವರು ಕೊಡುವ ಸಾಮಾನುಗಳಲ್ಲಿ ಇಲ್ಲವಂತೆ, ಅದಕ್ಕೆ ಬೂದು ಬಣ್ಣದ ಉಣ್ಣೆ ಕಂಬಳಿ ಕೊಟ್ಟಿದ್ದಾರೆ. ಈ ಸುಡುಬಿಸಿಲಲ್ಲಿ ಕಂಬಳಿ ಸುತ್ತಿಕೊಂಡು ಹೆಂಗಸರು ನೀರಿಗೆ ಹೋಗುವುದನ್ನು ನೋಡಿದರೆ ಕುರಿಮಂದೆ ಹೊರಟ ಹಾಗಿರುತ್ತದೆ. ನಗುತ್ತೇವೆ, ಏನು ಮಾಡುವುದು? ಎಲ್ಲರೂ ಒಟ್ಟಿಗೆ ಹೋಗುತ್ತೇವೆ ಎನ್ನುವುದೇ ದೊಡ್ಡದು. ಜಿದ್ದೋ ಕೆಲವು ದಿನ ಅತ್ತೆಯ ಜೊತೆ ಮಾತು ಬಿಟ್ಟಿದ್ದ. ಹೋದ ಶುಕ್ರವಾರ ಒಂದು ಹಿಡಿ ಸಕ್ಕರೆ ಕಳಿಸಿದ, "ಮರ್ಯೂಮಾಗೆ, ಅವಳ ಗಂಟಲಿಗೆ" ಎಂದು ಹೇಳಿ.

ಈಗ ನನ್ನ ಸುದ್ದಿ ಮುಗಿಯಿತು, ಆ ಮಾತಿನ ಸರದಿ. ನೀವೂ ಹಸಬೂನ ಕೈಯಲ್ಲಿ ಪ್ರತಿ ಸಲ ಮಸ್ತೂರಾ ಎಂದೇ ಹೇಳಿ ಕಳಿಸುತ್ತೀರಿ. ನಿಮ್ಮ ಮಸ್ತೂರಾದ ಒಳಗೆ ಏನಿದೆಯೋ ನನಗೇನು ಗೊತ್ತು? ಯಜಮಾನ ಸಂಬಳ ಕೊಡುತ್ತಾನೋ, ಮೈಯಲ್ಲಿ ಹುಷಾರಿದೆಯೋ, ಒಬ್ಬರೇ ಕೂತು ಅಳುತ್ತೀರೋ. ನಾನಂತೂ ಅಳುತ್ತೇನೆ, ಈಗ ಹೇಳಿಬಿಟ್ಟೆ. ನೀವು ಬರಬೇಕು. ತೋಬು ಬೇಡ, ಹಣ ಬೇಡ, ರಿಹಾಬಳಿಗೆ ಚಪ್ಪಲಿಯೂ ಬೇಡ. ಬೇಲಿಯಿಲ್ಲದಿದ್ದರೆ ತಾಡಪಾಲಿನ ಮುಂದೆ ನಿಂತು ಚಪ್ಪಾಳೆ ತಟ್ಟಿ, ನಾನು ರೇಗುತ್ತೇನೆ, ಒಳಗೆ ಬನ್ನಿ. ಹಸಬೂ ತಿರುಗಿ ಬರುವ ಲಾರಿಯಲ್ಲೇ ಬನ್ನಿ.

ಅಲ್ಲಾಹನು ನಿಮ್ಮ ದಾರಿಯನ್ನು ಒಣಗಿಸಿಡಲಿ, ಹಳ್ಳವನ್ನು ತಡೆದಿಡಲಿ. ಜಿದ್ದೋ, ನೆರೆಮನೆಯವರು ಎಲ್ಲರೂ ಸಲಾಮು ಹೇಳಿದ್ದಾರೆ. ರಿಹಾಬ್ ಕಾಗದದ ಮೂಲೆಯಲ್ಲಿ ಬಿಡಿಸಿರುವುದು ಒಂಟೆಯಲ್ಲ, ಅವಳ ಬಾಯಿ. ಕಿಂಡಿ ಕಾಣಲಿ ಎಂದು ಬಿಡಿಸಿದ್ದಾಳೆ.

ದಾರಿ ನೋಡುತ್ತಿರುವ,
ಕಲ್ತೂಮಾ

ಇನ್ನೊಂದು ಮಾತು. ಹಸಬೂ ಹಾರನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಅತ್ತೆ ಈಗ ಕಣ್ಣುಬಿಟ್ಟು ಏನು ಬರೆದೆ ಎಂದು ಕೇಳಿದರು. "ಅತ್ತೆ ಮಸ್ತೂರಾ ಅಂತ ಬರ್ದೆ" ಎಂದೆ. "ಹೊಡೆದು ಹಾಕೇ ಅದನ್ನ," ಎಂದರು, "ಅವ್ವ ಸಾಯ್ತಿದಾಳೆ ಅಂತ ಬರಿ. ಸಾಯಲ್ಲ ನಾನು, ಆದ್ರೂ ಬರಿ. ಹಾಗಂದ್ರೇನೇ ಆ ಮೊಂಡ ಬರೋದು." ಇದು ಅವರು ಹೇಳಿದ್ದು. ನಾನು ಹೇಳುವುದು ಬೇರೆ ಇದೆ. ಮೊದಲು ಬಿಸಿಲಿಗೆ ಸುಸ್ತು ಎಂದು ಬರೆದೆನಲ್ಲ, ಅದು ಸುಳ್ಳು, ಅಲ್ಲೂ ಮುಚ್ಚಿದೆ. ಅವತ್ತು ಕೂಗಿದ್ದೇ ಕೊನೆ, ಆ ದನಿ ಮತ್ತೆ ಬಂದಿಲ್ಲ. ಅಸೀದಾ ಬಾಯಿಗೆ ಇಟ್ಟರೆ ತಿರುಗಿ ರಿಹಾಬಳ ಬಾಯಿಗೆ ಇಡುತ್ತಾರೆ. ನೀಲಿ ತೋಬು ಈಗ ದಿನವೆಲ್ಲ ನನ್ನ ಮೈಮೇಲೇ ಇರುತ್ತದೆ. ನಿಮ್ಮ ಅಮ್ಮ ಅದನ್ನು ಕೇಳುವುದನ್ನೇ ಬಿಟ್ಟಿದ್ದಾರೆ. ಬನ್ನಿ.